ಹಾಡಿದವರ ಹೆಸರು ಹಾಕಿ ಸ್ವಾಮೀ!

ಕೆಂಗೇರಿ ಉಪನಗರದಿಂದ ಒಂದು ಕಾರ್ಡು ಬಂದಿದೆ. ಎಲ್ಲರೂ ಫೋನಿನ ಮೇಲೆ ಬೆರಳು ಉಜ್ಜುವ ಈ ಕಾಲದಲ್ಲಿ ಅಂಚೆ ಕಾರ್ಡು ಕೊಂಡು, ಪೆನ್ನು ಹುಡುಕಿ, ಡಬ್ಬಕ್ಕೆ ಹಾಕಿದ ಪುಣ್ಯಾತ್ಮನಿಗೆ ಮೊದಲು ನನ್ನದೊಂದು ದೊಡ್ಡ ನಮಸ್ಕಾರ. ಬರೆದಿರೋದು ಇಷ್ಟು:

"ಸಾರ್, ವಾರ ವಾರ ನೀವು ಆ ಚಿತ್ರದ ಹಾಡು ಬೊಂಬಾಟ್, ಈ ಚಿತ್ರದ ಹಾಡು ಡಬ್ಬಾ ಅಂತ ಬರೀತೀರಿ. ಅದೆಲ್ಲ ಇರಲಿ. ನಿಮ್ಮ ಸ್ವಂತ ರೂಮಿನಲ್ಲಿ, ಬಾಗಿಲು ಹಾಕ್ಕೊಂಡ ಮೇಲೆ ಯಾವ ಹಾಡು ಕೇಳ್ತೀರಿ? ನಾನೂ ನನ್ನ ಫ್ರೆಂಡೂ ಪಂದ್ಯ ಕಟ್ಟಿದೀವಿ. ಅವನು ಹಳೇ ಡ್ಯೂಯೆಟ್ಟು ಅಂತಾನೆ. ನಾನು ಹೊಸ ಹೀರೋ ಎಂಟ್ರಿ ಸಾಂಗು ಅಂತೀನಿ. ಸೋತವನು ಮಸಾಲೆ ದೋಸೆ ಕೊಡಿಸಬೇಕು. ನಿಜ ಹೇಳಿ ಸಾರ್."

ನಿಜ ಹೇಳ್ತೀನಿ ಕೇಳಿ. ಇಬ್ಬರೂ ಸೋತಿದ್ದೀರಿ! ದೋಸೆ ನ್ಯಾಯವಾಗಿ ನನಗೇ ಬರಬೇಕು.

ನನ್ನ ರೂಮು ಇರೋದು ಕಾಮಾಕ್ಷಿಪಾಳ್ಯದಲ್ಲಿ. ಕೆಳಗೆ ಲೇತ್ ಮೆಷಿನ್ನು, ಪಕ್ಕದಲ್ಲಿ ಪವರ್ ಪ್ರೆಸ್ಸು. ಬೆಳಿಗ್ಗೆ ಶುರುವಾದರೆ ಕತ್ತಲಾಗುವವರೆಗೂ ಕಬ್ಬಿಣ ಕೊರೆಯುವ ಸದ್ದು. ಅದು ನಿಂತಾಗ ಕಿವಿಯಲ್ಲಿ ಗುಂಯ್ ಅನ್ನುತ್ತದಲ್ಲ, ಆಗ ನಾನು ಹಾಡು ಹಾಕ್ತೀನಿ. ಹಾಕೋದು ಜಾನಪದ! ಸುಳ್ಳಲ್ಲ, ನನ್ನ ಫೋನೇ ಸಾಕ್ಷಿ. ಅತಿ ಹೆಚ್ಚು ಸಲ ಓಡಿದ ಹಾಡು ಯಾವುದು ಅಂತ ಅದೇ ಲೆಕ್ಕ ಇಡುತ್ತದೆ. ಮೊದಲ ಎಂಟು ಸ್ಥಾನದಲ್ಲಿ ಇರೋದೆಲ್ಲ ಮಣ್ಣಿನ ಹಾಡುಗಳು, ಇಲ್ಲವೇ ಮೈಗೆ ಮಣ್ಣು ಮೆತ್ತಿಕೊಂಡ ಸಿನಿಮಾ ಹಾಡುಗಳು. ಆ ಎಂಟನ್ನೂ ಇವತ್ತು ನಿಮ್ಮ ಮುಂದೆ ಇಡ್ತೀನಿ. ಅದಕ್ಕೆ ಮೊದಲು ಈ ಹುಚ್ಚು ಹತ್ತಿದ್ದು ಹೇಗೆ ಅಂತ ಹೇಳಿಬಿಡಬೇಕು. ಅದರಲ್ಲಿ ನನ್ನದೊಂದು ತಪ್ಪೂ ಇದೆ.

ಮೂವತ್ತು ರೂಪಾಯಿಗೆ ಕಾರ್ಡು ಫುಲ್

ಪಿಯುಸಿ ನನಗೆ ಒಗ್ಗಲಿಲ್ಲ. ಅರ್ಧಕ್ಕೇ ಬಿಟ್ಟು, 2014ರಲ್ಲಿ ವಿಜಯನಗರದ ಒಂದು ಮೊಬೈಲ್ ಅಂಗಡಿ ಸೇರಿದೆ. ಅಂಗಡಿ ಅಂದರೆ ಗೂಡು. ಇಬ್ಬರು ನಿಂತರೆ ಮೂರನೆಯವನು ಉಸಿರು ಬಿಗಿ ಹಿಡಿಯಬೇಕು. ನನ್ನ ಕೆಲಸ ಮೆಮೊರಿ ಕಾರ್ಡಿಗೆ ಹಾಡು ತುಂಬೋದು. ಗಿರಾಕಿ ಕಾರ್ಡು ಕೊಡ್ತಾನೆ, "ರಾಜಣ್ಣಂದು ಒಂದೈವತ್ತು, ವಿಷ್ಣುದು ಒಂದೈವತ್ತು, ಮಿಕ್ಕಿದ್ದು ಯಾವುದಾದ್ರೂ ಹಾಕಪ್ಪಾ" ಅಂತಾನೆ, ನಾನು ತುಂಬಿ ಮೂವತ್ತು ರೂಪಾಯಿ ಇಸ್ಕೊಳ್ತೀನಿ. ಅದು ಕದ್ದ ಮಾಲೇ. ಹಾಡಿದವನಿಗೂ, ಕ್ಯಾಸೆಟ್ಟು ತಂದವನಿಗೂ ಅದರಲ್ಲಿ ಬಿಡಿಗಾಸು ಹೋಗ್ತಿರಲಿಲ್ಲ. ಆಗ ಅದು ಗೊತ್ತಿತ್ತೋ ಇಲ್ಲವೋ, ಯೋಚನೆಯಂತೂ ಮಾಡಿರಲಿಲ್ಲ.

ಆ ಗೂಡಿನಲ್ಲಿ ಕೂತು ನಾನೊಂದು ವಿಷಯ ಕಂಡುಕೊಂಡೆ. ಹೊಸ ಸಿನಿಮಾ ಹಾಡು ಕೇಳುವವರು ಕಾಲೇಜಿನ ಹುಡುಗರು. ಆದರೆ ಮಾಗಡಿ ರಸ್ತೆಯ ವರ್ಕ್‌ಷಾಪುಗಳಲ್ಲಿ ದುಡಿಯೋ ಮಳವಳ್ಳಿ, ಮದ್ದೂರು, ಕನಕಪುರದ ಜನ ಬಂದರೆ ಕೇಳೋದು "ಮಾದಪ್ಪನ ಹಾಡು ಇದ್ಯಾ? ಸಿದ್ದಪ್ಪಾಜಿ ಕಥೆ ಇದ್ಯಾ?" ಬಾಗಲಕೋಟೆ, ವಿಜಯಪುರದಿಂದ ಗಾರೆ ಕೆಲಸಕ್ಕೆ ಬಂದವರು ಕೇಳೋದು "ನಮ್ ಕಡೀ ಹಾಡು ಅದಾವೇನ್ರಿ?" ಗಾರ್ಮೆಂಟ್ಸ್ ಅಕ್ಕಂದಿರು ಸೋಬಾನೆ ಹಾಡು ಕೇಳೋರು. ಬೆಂಗಳೂರಿನ ಪಡುವಣ ಭಾಗದ ಅರ್ಧ ಜನ ಊರು ಬಿಟ್ಟು ಬಂದವರು. ಹೊಲ ಬಿಟ್ಟು ಬಂದರು, ಮನೆ ಬಿಟ್ಟು ಬಂದರು. ಹಾಡು ಮಾತ್ರ ಜೇಬಿನಲ್ಲಿ ಇಟ್ಟುಕೊಂಡೇ ಬಂದರು.

ಹಾಡುಗಳು ಬರ್ತಿದ್ದದ್ದು ಎಲ್ಲಿಂದ? ಒಬ್ಬನ ಕಾರ್ಡಿನಿಂದ ನಮ್ಮ ಕಂಪ್ಯೂಟರಿಗೆ, ಅಲ್ಲಿಂದ ಇನ್ನೊಬ್ಬನ ಕಾರ್ಡಿಗೆ. ಒಂದೊಂದು ಫೈಲಿನ ಹೆಸರೂ ಮೈಲುದ್ದ: ಹಾಡಿದವರ ಹೆಸರು, ಊರು, ಕಂಪನಿ, ಜೊತೆಗೆ ಏನೇನೋ ಅಂಕಿ. ಬಟನ್ ಫೋನಿನ ಸಣ್ಣ ಪರದೆಯಲ್ಲಿ ಮೊದಲ ಎಂಟು ಹತ್ತು ಅಕ್ಷರ ಮಾತ್ರ ಕಾಣೋದು. ನಾನು ಬುದ್ಧಿವಂತ ನೋಡಿ, ಒಂದು ಮಧ್ಯಾಹ್ನ ಕೂತು ಎಲ್ಲದರ ಹೆಸರೂ ಅಳಿಸಿದೆ. ಜಾನಪದ 1, ಜಾನಪದ 2, ಜಾನಪದ 3... ಇನ್ನೂರು ದಾಟಿತು. ಎಂಥ ಅಚ್ಚುಕಟ್ಟು! ಕೆಲಸ ಮುಗಿಸಿ ಟೀ ಕುಡಿದು ಮೀಸೆ ತಿರುವಿದೆ. ಆಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ, ಆ ಮಾತು ಬೇರೆ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು. ಪುಕ್ಕಟೆ ಡೇಟಾ ಸಿಕ್ಕ ಮೇಲೆ ಮೂವತ್ತು ರೂಪಾಯಿ ಕೊಟ್ಟು ಕಾರ್ಡು ತುಂಬಿಸೋನು ಯಾರು? ಕೆಲವೇ ತಿಂಗಳಲ್ಲಿ ಆ ವ್ಯಾಪಾರ ಮುಳುಗಿತು. ನಾನು ಆ ಇನ್ನೂರು ಹಾಡನ್ನೂ ಒಂದು ಪೆನ್ ಡ್ರೈವಿಗೆ ತುಂಬಿಕೊಂಡು ಅಂಗಡಿ ಬಿಟ್ಟೆ. ಹಾಗೆ ಅಂಟಿದ ಹುಚ್ಚು ಇದು. ಇನ್ನು ಪಟ್ಟಿಗೆ ಬರೋಣ. ಕೆಳಗಿನಿಂದ ಮೇಲಕ್ಕೆ ಹೋಗ್ತೀನಿ, ನಂಬರ್ ಒನ್ ಕೊನೆಗೆ.

ಎಂಟು: ಕಾಡು ಕುದುರೆ

ಶಿವಮೊಗ್ಗ ಸುಬ್ಬಣ್ಣನವರ ಕಂಠ. ಚಂದ್ರಶೇಖರ ಕಂಬಾರರು ಬರೆದು, ತಾವೇ ನಿರ್ದೇಶಿಸಿದ 'ಕಾಡು ಕುದುರೆ' ಚಿತ್ರದ ಹಾಡು. ಇದಕ್ಕೇ ಸುಬ್ಬಣ್ಣನವರಿಗೆ 1978ರ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಹಿನ್ನೆಲೆ ಗಾಯನಕ್ಕೆ ಆ ಪ್ರಶಸ್ತಿ ತಂದ ಮೊದಲ ಕನ್ನಡಿಗ ಅವರು. ವೃತ್ತಿಯಲ್ಲಿ ವಕೀಲರು, ಕರಿ ಕೋಟು ಕಳಚಿಟ್ಟು ಬಂದು ಕುದುರೆ ಓಡಿಸಿದರು ನೋಡಿ! 2022ರ ಆಗಸ್ಟಿನಲ್ಲಿ ತೀರಿಕೊಂಡರು. ನಮ್ಮ ಅಂಗಡಿಯಲ್ಲಿ ಇದೂ 'ಜಾನಪದ'ದ ಫೋಲ್ಡರಿನಲ್ಲೇ ಇತ್ತು. ಕಂಬಾರರು ಹಳ್ಳಿಯ ಲಾವಣಿ ಬನಿಯಲ್ಲಿ ಎಷ್ಟು ಚೆನ್ನಾಗಿ ಬರೆದಿದ್ದರೆಂದರೆ ಜನ ಅದನ್ನು ತಾತನ ಕಾಲದ ಹಾಡು ಅಂತಲೇ ತಿಳಿದರು. ಕವಿಗೆ ಇದಕ್ಕಿಂತ ದೊಡ್ಡ ಸನ್ಮಾನ ಇಲ್ಲ. ಇದಕ್ಕಿಂತ ದೊಡ್ಡ ಅನ್ಯಾಯವೂ ಇಲ್ಲ.

ಏಳು: ಅಶ್ವತ್ಥ್ ಹಾಡಿದ ಶರೀಫರು

ಸಿ. ಅಶ್ವತ್ಥ್ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿಕೊಂಡೇ ಹಾಡಿದ ಮನುಷ್ಯ. ಶಿಶುನಾಳ ಶರೀಫರ ತತ್ವಪದಗಳು ಭಜನೆ ಮನೆಯಿಂದ ಆಟೋಸ್ಟ್ಯಾಂಡಿಗೆ ಬಂದದ್ದು ಅವರ ಗಂಟಲಿನಿಂದ. 1990ರಲ್ಲಿ ಟಿ.ಎಸ್. ನಾಗಾಭರಣ 'ಸಂತ ಶಿಶುನಾಳ ಶರೀಫ' ತೆಗೆದರು. ಶರೀಫರಾಗಿ ಶ್ರೀಧರ್, ಗುರು ಗೋವಿಂದ ಭಟ್ಟರಾಗಿ ಗಿರೀಶ್ ಕಾರ್ನಾಡ್, ಸಂಗೀತ ಅಶ್ವತ್ಥ್. ರಾಷ್ಟ್ರೀಯ ಭಾವೈಕ್ಯಕ್ಕೆ ಕೊಡುವ ನರ್ಗಿಸ್ ದತ್ ಪ್ರಶಸ್ತಿ ಆ ಚಿತ್ರಕ್ಕೆ ಬಂತು.

ಅಭಿಮಾನಿಗಳಿಗೊಂದು ಲೆಕ್ಕ ಹೇಳ್ತೀನಿ, ಬರೆದಿಟ್ಟುಕೊಳ್ಳಿ. ಶರೀಫರು ಹುಟ್ಟಿದ್ದು 1819ರ ಜುಲೈ 3, ಹೋದದ್ದು 1889ರ ಜುಲೈ 3. ಅಶ್ವತ್ಥ್ ಹುಟ್ಟಿದ್ದು 1939ರ ಡಿಸೆಂಬರ್ 29, ಹೋದದ್ದು 2009ರ ಡಿಸೆಂಬರ್ 29. ಇಬ್ಬರಿಗೂ ಸರಿಯಾಗಿ ಎಪ್ಪತ್ತು! ಮೈ ಜುಮ್ಮೆನ್ನುತ್ತೆ ಅಲ್ವಾ?

ಇನ್ನೊಂದು ಮಾತು. ಶರೀಫರ ಪದದ ಕೊನೆಯಲ್ಲಿ ಅವರ ಅಂಕಿತ ಬರುತ್ತದೆ, ಶಿಶುನಾಳದ ದೇವರ ಹೆಸರು. ಯಾರೇ ಹಾಡಲಿ, ಎಲ್ಲೇ ಹಾಡಲಿ, ಕೊನೇ ಸಾಲಿಗೆ ಬಂದಾಗ ಇದು ಇವರದೇ ಅಂತ ಹಾಡೇ ಸಾರಿ ಹೇಳುತ್ತದೆ. ನನ್ನಂಥ ನೂರು ಅಂಗಡಿ ಹುಡುಗರು ಬಂದರೂ ಅದನ್ನು ಅಳಿಸೋಕಾಗಲ್ಲ. ಹಳಬರು ಹುಷಾರಿದ್ದರು ಸ್ವಾಮೀ!

ಆರು: ಕೋಲುಮಂಡೆ

ಇದು ನಮ್ಮ ಶಿವಣ್ಣನ 'ಜನುಮದ ಜೋಡಿ' ಚಿತ್ರದ್ದು, ಬಿಡುಗಡೆ 1996. ಆಗ ನಾನಿನ್ನೂ ಹುಟ್ಟಿರಲಿಲ್ಲ, ಆದರೂ ಈ ಹಾಡು ಕೇಳದೆ ಬೆಳೆದ ನೆನಪಿಲ್ಲ. ಕಥೆಯ ಮೂಲ ಪನ್ನಾಲಾಲ್ ಪಟೇಲರ ಗುಜರಾತಿ ಕಾದಂಬರಿ. ಆದರೆ ತೆರೆಯ ಮೇಲೆ ಘಮಘಮ ಅಂದದ್ದು ನಮ್ಮ ಮೈಸೂರು ಸೀಮೆಯ ಮಣ್ಣು. ಭಿಕ್ಷೆಗೆ ಬಂದ ಜಂಗಮನ ಈ ಜನಪದ ಹಾಡನ್ನು ಸಂಗೀತ ನಿರ್ದೇಶಕ ವಿ. ಮನೋಹರ್ ಚಿತ್ರಕ್ಕೆ ತಂದರು, ಎಲ್.ಎನ್. ಶಾಸ್ತ್ರಿ ಎದೆ ತುಂಬಿ ಹಾಡಿದರು. ಶಾಸ್ತ್ರಿಗಳಿಗೆ ರಾಜ್ಯಪ್ರಶಸ್ತಿ ಬಂತು. 2017ರಲ್ಲಿ ಕಾಯಿಲೆಯಿಂದ ಅವರು ಹೋದಾಗ, ನಮ್ಮ ರಸ್ತೆಯ ಆಟೋದವರು ಇಡೀ ದಿನ ಈ ಒಂದೇ ಹಾಡು ಹಾಕಿದ್ದರು. ಗಾಯಕನಿಗೆ ಅದಕ್ಕಿಂತ ದೊಡ್ಡ ಮೆರವಣಿಗೆ ಬೇಕೆ?

ಐದು: ಸೋಜುಗಾದ ಸೂಜುಮಲ್ಲಿಗೆ

ಇದು ನಿಮ್ಮ ತಲೆಮಾರಿನದು, ಎಲ್ಲರಿಗೂ ಗೊತ್ತು. 2021ರ ನವೆಂಬರಿನಲ್ಲಿ ಬಂದ ರಾಜ್ ಬಿ. ಶೆಟ್ಟಿಯವರ 'ಗರುಡ ಗಮನ ವೃಷಭ ವಾಹನ'ದಲ್ಲಿ ಚೈತ್ರಾ ಜೆ. ಆಚಾರ್ ಹಾಡಿದರು, ಮಿಧುನ್ ಮುಕುಂದನ್ ಸಂಗೀತ. ಇದೇ ಚೈತ್ರಾ 2023ರಲ್ಲಿ 'ಟೋಬಿ', 'ಸಪ್ತ ಸಾಗರದಾಚೆ ಎಲ್ಲೋ ಸೈಡ್ ಬಿ' ಚಿತ್ರಗಳಲ್ಲಿ ನಟಿಯಾಗಿಯೂ ಚಪ್ಪಾಳೆ ಗಿಟ್ಟಿಸಿದರು. ಚಿತ್ರ ನಡೆಯೋದು ಮಂಗಳೂರಿನ ರೌಡಿಗಳ ನಡುವೆ. ಹಾಡು ಮಾತ್ರ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ದೇವರದ್ದು. ರಕ್ತ ಹರಿಯುವ ಕಡೆ ಮಲ್ಲಿಗೆ ಸುರಿದ ಹಾಗೆ! ಈ ಹಾಡು ಚಿತ್ರಕ್ಕಿಂತ ಎಷ್ಟೋ ಹಳೆಯದು. ಮಾದಪ್ಪನ ಒಕ್ಕಲಿನವರು ಬೆಟ್ಟ ಹತ್ತುವಾಗ ಹಾಡಿಕೊಂಡು ಬಂದ ಬಳಗದ್ದು. ಮೊದಲು ಕಟ್ಟಿದವರು ಯಾರು? ಬೆಟ್ಟಕ್ಕೇ ಗೊತ್ತು.

ನಾಲ್ಕು: ಗುರುರಾಜ ಹೊಸಕೋಟೆ

ಉತ್ತರ ಕರ್ನಾಟಕದ ಗಾರೆ ಕೆಲಸದವರು ನನಗೆ ಕೊಟ್ಟ ಕಾಣಿಕೆ ಇದು. ಹೊಸಕೋಟೆಯವರು ಹಾಡಿದರೆ ಒಂದು ಕಣ್ಣಲ್ಲಿ ನಗು, ಇನ್ನೊಂದರಲ್ಲಿ ನೀರು. ಹಳ್ಳಿಯ ಹುಡುಗ, ಓದಿದ ಹುಡುಗಿ, ತವರು, ಬಡತನ, ಎಲ್ಲವನ್ನೂ ಕುಟುಕಿ ಹೇಳ್ತಾರೆ. ಶುರುವಿನಲ್ಲಿ ನನಗೆ ಆ ಭಾಷೆ ಅರ್ಧ ತಿಳೀತಿರಲಿಲ್ಲ. ಒಬ್ಬ ಮೇಸ್ತ್ರಿ ಗಲ್ಲಾದ ಮೇಲೆ ಮೊಣಕೈ ಊರಿ ಒಂದೊಂದೇ ಸಾಲಿನ ಅರ್ಥ ಹೇಳಿಕೊಟ್ಟ. ಕೊನೆಗೆ "ತಿಳೀತೇನೋ ತಮ್ಮಾ? ಇನ್ನ ಮ್ಯಾಲ ಕೇಳು" ಅಂದ. ಕೇಳ್ತಾನೇ ಇದೀನಿ.

ಮೂರು: ಸುಕ್ರಜ್ಜಿ

ಸುಕ್ರಿ ಬೊಮ್ಮಗೌಡ. ಅಂಕೋಲಾದ ಬಡಿಗೇರಿಯ ಹಾಲಕ್ಕಿ ಅಜ್ಜಿ. ಶಾಲೆ ಮೆಟ್ಟಿಲು ಹತ್ತದ ತಲೆಯಲ್ಲಿ ಸಾವಿರಾರು ಹಾಡು. ಊರಿನಲ್ಲಿ ಹೆಂಡದ ವಿರುದ್ಧ ಸೊಂಟ ಕಟ್ಟಿ ನಿಂತಾಕೆ. 2017ರಲ್ಲಿ ಪದ್ಮಶ್ರೀ ಬಂತು. ಕೊರಳ ತುಂಬ ಮಣಿಸರ ಹಾಕಿಕೊಂಡೇ ದಿಲ್ಲಿಗೆ ಹೋಗಿ ತಗೊಂಡು ಬಂದರು. 2025ರ ಫೆಬ್ರವರಿಯಲ್ಲಿ ಕಣ್ಣು ಮುಚ್ಚಿದರು. ನನ್ನ ಹತ್ತಿರ ಇರೋ ಹಾಡಿಗೆ ವಾದ್ಯವಿಲ್ಲ, ತಾಳವಿಲ್ಲ. ಹಿಂದೆ ಎಲ್ಲೋ ಕೋಳಿ ಕೂಗುತ್ತೆ, ಅಷ್ಟೆ. ಆದರೂ ಮನಸ್ಸು ಕೆಟ್ಟಾಗ ಮೊದಲು ಹುಡುಕೋದು ಇದನ್ನೇ.

ಎರಡು: ಮಳವಳ್ಳಿ ಮಹದೇವಸ್ವಾಮಿ

ಇವರ ಮುಂದೆ ಸೂಪರ್ ಸ್ಟಾರುಗಳೂ ಸ್ವಲ್ಪ ಹಿಂದೆ ನಿಲ್ಲಬೇಕು! ಮಂಡ್ಯ, ಮೈಸೂರು, ಚಾಮರಾಜನಗರದ ಕಡೆ ಇವರ ಹೆಸರು ಹೇಳಿ ನೋಡಿ, ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ತಲೆ ಆಡಿಸ್ತಾರೆ. ತಂಬೂರಿ ಹಿಡಿದು ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಾದಪ್ಪನ ಕಥೆ ಹಾಡ್ತಾರೆ. ಒಂದು ಕಥೆ ಅಂದರೆ ಮೂರು ನಿಮಿಷದ ಚಿತ್ರಗೀತೆ ಅಲ್ಲ, ಗಂಟೆಗಟ್ಟಲೆ. ಮುಂದೆ ಮುಖ್ಯ ಗಾಯಕ ಹಾಡಿದರೆ ಹಿಂದಿನವರು ಸೊಲ್ಲು ಎತ್ತಿಕೊಡ್ತಾರೆ. ತಂಬೂರಿ, ಗಗ್ಗರ, ತಾಳ, ದಮ್ಮಡಿ. ಮಂಟೇಸ್ವಾಮಿ ಪರಂಪರೆಯ ಹಾಡುಗಾರರಿಗೆ ನೀಲಗಾರರು ಅಂತ ಹೆಸರು. ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡುವವರು ದೇವರ ಗುಡ್ಡರು.

ಸಿದ್ದಪ್ಪಾಜಿ ಕಥೆಯನ್ನೇ ತಗೊಳ್ಳಿ. ನಿಡಘಟ್ಟದ ಕಮ್ಮಾರರ ಮನೆಯ ಹುಡುಗ ಕೆಂಪಾಚಾರಿ. ಮಂಟೇಸ್ವಾಮಿ ಅವನನ್ನು ಶಿಷ್ಯನಾಗಿ ಬೇಕು ಅಂತ ಹಿಡೀತಾನೆ. ಹೆತ್ತವರು ಬಿಡಲ್ಲ. ಕೊನೆಗೆ ಅವನೇ ಸಿದ್ದಪ್ಪಾಜಿಯಾಗಿ ಹಲಗೂರಿಗೆ ಹೋಗಿ ಅಲ್ಲಿನ ಪಾಂಚಾಳರ ಮುಂದೆ ಭಿಕ್ಷೆ ಕೇಳ್ತಾನೆ. ಏನು ಭಿಕ್ಷೆ? ಅನ್ನವಲ್ಲ, ಹಣವಲ್ಲ, ಕಬ್ಬಿಣ! ಅವರು ಕೊಡಲ್ಲ. ಪವಾಡದ ಮೇಲೆ ಪವಾಡ ಮಾಡಿ ತೋರಿಸು ಅಂತಾರೆ. ಇಂಟರ್‌ವಲ್ ಸಸ್ಪೆನ್ಸು, ಕ್ಲೈಮ್ಯಾಕ್ಸು, ಎಲ್ಲ ಅಲ್ಲೇ ಇದೆ ಮಾರಾಯ್ರೇ! ನಮ್ಮ ಕೆಳಗಿನ ಲೇತ್ ಮೆಷಿನ್ನಿನ ಹುಡುಗರು ಈ ಕಥೆ ಯಾಕೆ ಬಾಯಿ ಬಿಟ್ಟುಕೊಂಡು ಕೇಳ್ತಾರೆ ಅಂತ ನನಗೆ ತಡವಾಗಿ ಹೊಳೀತು. ಕಬ್ಬಿಣ ಕೊರೆಯೋ ಕೈಗಳು ಕಬ್ಬಿಣದ ಕಥೆ ಕೇಳ್ತಾ ಇವೆ.

ಒಂದು: ಜಾನಪದ 37

ನಂಬರ್ ಒನ್ ಯಾವುದು ಅಂತ ಕಾಯ್ತಿದ್ದೀರಿ. ಅದರ ಹೆಸರೇ 'ಜಾನಪದ 37'. ಯಾರು ಹಾಡಿದ್ದು? ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಇರೋದಕ್ಕೆ ನಾನೇ ಕಾರಣ.

2015ರ ಒಂದು ಶನಿವಾರ ಸಂಜೆ. ಶನಿವಾರ ಅಂದರೆ ವರ್ಕ್‌ಷಾಪುಗಳಲ್ಲಿ ಬಟವಾಡೆ. ಅಂಗಡಿ ಮುಂದೆ ಜಾತ್ರೆ. ಹೊರಗಿನ ಸ್ಪೀಕರಿನಲ್ಲಿ ನಾನು ಯಾವುದೋ ಸಿದ್ದಪ್ಪಾಜಿ ಹಾಡು ಹಾಕಿದ್ದೆ. ಯಾರೋ ಊರ ಜಾತ್ರೆಯಲ್ಲಿ ಮೊಬೈಲು ಹಿಡಿದು ತುಂಬಿಕೊಂಡದ್ದು. ನಡುವೆ ಯಾರೋ ಕೆಮ್ಮುತ್ತಾರೆ, ಒಂದು ಮಗು ಅಳುತ್ತೆ, ದೂರದಲ್ಲಿ ಬಸ್ಸಿನ ಹಾರನ್ನು. ಆದರೆ ದನಿ! ತಾರಕಕ್ಕೆ ಹೋದಾಗ ಸ್ವಲ್ಪ ಒಡೆಯುತ್ತೆ, ಒಡೆದ ಕಡೆಯೇ ಎದೆಗೆ ನಾಟುತ್ತೆ.

ವಾಚ್‌ಮನ್ ಬಟ್ಟೆ ಹಾಕಿದ್ದ ಒಬ್ಬ ಯಜಮಾನರು ರಸ್ತೆಯಲ್ಲಿ ನಿಂತುಬಿಟ್ಟರು. ಹಾಡು ಮುಗಿಯೋವರೆಗೂ ಅಲ್ಲಾಡಲಿಲ್ಲ. ಆಮೇಲೆ ಜನರ ನಡುವೆ ನುಗ್ಗಿ ಬಂದರು.

"ಏನಪ್ಪಾ, ಇದು ನಮ್ ತಮ್ಮನ್ ದನಿ ಕನಪ್ಪಾ!"

"ಹೌದಾ ಯಜಮಾನ್ರೇ? ಕಾರ್ಡಿಗೆ ಹಾಕ್ಕೊಡ್ಲಾ?"

"ಅಂವ ಇಲ್ಲ ಈಗ. ಹೋಗಿ ಮೂರ್ ವರ್ಸ ಆಯ್ತು. ಅದ್ರಾಗೆ ಅವನ್ ಹೆಸ್ರು ಏನಂತ ಹಾಕಿದ್ದೀಯಾ, ವಸಿ ಓದಪ್ಪಾ."

ನಾನು ಓದಿದೆ. "ಜಾನಪದ ಮೂವತ್ತೇಳು."

ಅವರಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಓದಿಸಿದರು. ಆಮೇಲೆ ಮೆತ್ತಗೆ ಅಂದರು: "ಅವ್ನಿಗೂ ಒಂದ್ ಹೆಸ್ರಿತ್ತು ಕನಪ್ಪಾ."

ಹೆಸರು ಹೇಳಿದರು. ಹಲಗೂರು ಕಡೆಯ ಒಂದು ಊರಿನ ಹೆಸರೂ ಹೇಳಿದರು. "ಬರ್ಕೊ" ಅಂದರು. ನಾಲ್ಕು ಜನ ನಾಲ್ಕು ಕಡೆಯಿಂದ ಕಾರ್ಡು ಚಾಚಿದ್ದರು. "ಆಯ್ತು ಯಜಮಾನ್ರೇ, ಆಮೇಲೆ ಹಾಕ್ತೀನಿ" ಅಂದೆ. ಅವರು ಕಾರ್ಡು ತುಂಬಿಸಿಕೊಂಡು, ನಾನು ಬೇಡ ಅಂದರೂ ಮೂವತ್ತು ರೂಪಾಯಿ ಗಲ್ಲಾದ ಮೇಲಿಟ್ಟು ಹೋದರು. ರಾತ್ರಿ ಷಟರ್ ಎಳೆಯೋ ಹೊತ್ತಿಗೆ ಆ ಹೆಸರು ನನ್ನ ತಲೆಯಿಂದ ಜಾರಿಹೋಗಿತ್ತು. ಊರೂ ಜಾರಿತ್ತು. ಮುಂದಿನ ಶನಿವಾರ ಕಾದೆ, ಅದರ ಮುಂದಿನದೂ ಕಾದೆ. ಅವರು ಮತ್ತೆ ಬರಲಿಲ್ಲ.

ಆ ಮೇಲೆ ಎಷ್ಟೋ ರಾತ್ರಿ ಕೂತು ಇನ್ನೂರು ಹಾಡಿನ ಹೆಸರನ್ನೂ ಮತ್ತೆ ಹುಡುಕಿ ಬರೆದಿದ್ದೀನಿ. ದನಿಯಿಂದ ಕೆಲವು ಗೊತ್ತಾದವು, ಕ್ಯಾಸೆಟ್ಟಿನ ಹಳೇ ಹೊದಿಕೆಗಳಿಂದ ಕೆಲವು, ಆಟೋದ ಅಣ್ಣಂದಿರನ್ನು ಕೇಳಿ ಕೆಲವು. ಮೂವತ್ತೇಳು ಮಾತ್ರ ಮೂವತ್ತೇಳಾಗಿಯೇ ಉಳಿದಿದೆ. ಅತಿ ಹೆಚ್ಚು ಸಲ ಓಡಿರೋದು ಅದೇ. ಕೇಳ್ತಾ ಕೇಳ್ತಾ ಒಂದು ದಿನ ಹೆಸರು ನೆನಪಾದೀತು ಅಂತ ಆಸೆ.

ಟೈಟಲ್ ಕಾರ್ಡಿನ ಆ ಒಂದು ಪದ

ಈಗ ಗಾಂಧಿನಗರದ ಕಡೆ ತಿರುಗೋಣ. ನಾನು ಗೂಡಂಗಡಿಯಲ್ಲಿ ಮಾಡಿದ್ದನ್ನೇ ನಮ್ಮ ಚಿತ್ರರಂಗ ದೊಡ್ಡ ತೆರೆಯ ಮೇಲೆ ಎಷ್ಟು ಸಲ ಮಾಡಿಲ್ಲ? 'ಸಾಹಿತ್ಯ: ಜಾನಪದ'. ಮುಗೀತು! ಕಥೆ ಬರೆದವರಿಗೆ ಹೆಸರು, ಮೇಕಪ್ಪಿಗೆ ಹೆಸರು, ಊಟ ಬಡಿಸಿದವರಿಗೂ ಹೆಸರು. ಹಾಡು ಕೊಟ್ಟ ಮುದುಕನಿಗೆ ಎರಡು ಚುಕ್ಕಿ, ಒಂದು ಪದ.

ಹಾಗಂತ ಸಿನಿಮಾವನ್ನು ಬೈಯೋಕೆ ನಾನು ತಯಾರಿಲ್ಲ. ಕೋಲುಮಂಡೆ ಚಿತ್ರದಲ್ಲಿ ಬರದೇ ಇದ್ದಿದ್ದರೆ ರಾಜಾಜಿನಗರದ ಹುಡುಗರಿಗೆ ಅದು ಎಲ್ಲಿ ಸಿಗ್ತಿತ್ತು? ಕಟ್ಟಿದವರು ಯಾರು ಅಂತ ನಿಜವಾಗಿಯೂ ಗೊತ್ತಿಲ್ಲದ ಹಾಡುಗಳೂ ಸಾವಿರ ಇವೆ. 1931ರಲ್ಲಿ ಹಲಸಂಗಿಯ ಗೆಳೆಯರು, ಅಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬರ ಗುಂಪು, 'ಗರತಿಯ ಹಾಡು' ಪುಸ್ತಕ ತಂದಾಗ ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ ತಾಯಂದಿರ ಹಾಡುಗಳು ಉಳಿದವು. ಅದೇ ದೊಡ್ಡ ಪುಣ್ಯ. ಆದರೆ ಹಾಡು ಕಟ್ಟಿದವರು ಗೊತ್ತಿಲ್ಲ ಅನ್ನೋದು ಬೇರೆ, ಹಾಡಿದವರು ಎದುರಿಗೇ ಇದ್ದರೂ ಹೆಸರು ಕೇಳದೆ ಇರೋದು ಬೇರೆ. ಮೊದಲನೆಯದು ಕಾಲದ ಕೆಲಸ, ಎರಡನೆಯದು ನಮ್ಮ ಸೋಮಾರಿತನ. ನಮ್ಮ ಕೃತಿಸ್ವಾಮ್ಯದ ಕಾಯ್ದೆ ಕೂಡ 1994ರ ತಿದ್ದುಪಡಿಯಿಂದ ಹಾಡಿದವನ ದನಿಗೂ ಹಕ್ಕು ಉಂಟು ಅಂತ ಒಪ್ಪಿದೆ. ಹಾಡು ಊರಿನದಿರಬಹುದು, ಗಂಟಲು ಒಬ್ಬನದೇ.

ಒಳ್ಳೆಯ ಮೇಲ್ಪಂಕ್ತಿಯೂ ಇದೆ. 2022ರ 'ಕಾಂತಾರ'ದ ಸಿಂಗಾರ ಸಿರಿಯೇ ಹಾಡಿನಲ್ಲಿ ವಿಜಯ್ ಪ್ರಕಾಶ್, ಅನನ್ಯಾ ಭಟ್ ಜೊತೆಗೆ ನಾಗರಾಜ ಪಾಣಾರ ವಾಲ್ತೂರು ಅಂತ ಜನಪದ ಗಾಯಕರ ಹೆಸರೂ ಸಾಲಿನಲ್ಲೇ ಬಂತು. ಅಷ್ಟು ಮಾಡಿದ್ದಕ್ಕೆ ಚಿತ್ರಕ್ಕೆ ನಷ್ಟವೇನಾಯ್ತು? ಗಲ್ಲಾಪೆಟ್ಟಿಗೆ ಒಡೆದುಹೋಗುವಷ್ಟು ದುಡ್ಡು ಬಂತು, ಅಷ್ಟೆ!

ಜನಪದದವರ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಮಳವಳ್ಳಿ ಮಹದೇವಸ್ವಾಮಿ. ಬಾನಂದೂರು ಕೆಂಪಯ್ಯ. ಅಪ್ಪಗೆರೆ ತಿಮ್ಮರಾಜು. ದರೋಜಿ ಈರಮ್ಮ. ಎಲ್ಲರ ಹೆಸರಿನ ಹಿಂದೆಯೂ ಒಂದೊಂದು ಊರು. ಒಬ್ಬರ ಹೆಸರು ಅಳಿಸಿದರೆ ಒಂದು ಊರೂ ಅಳಿದ ಹಾಗೆ.

ಭಾನುವಾರದ ಕೆಲಸ

ಕೆಂಗೇರಿಯ ಗೆಳೆಯರೇ, ನೀವಂತೂ ಅದೃಷ್ಟವಂತರು. ನಿಮ್ಮ ಬಾಗಿಲ ಮುಂದಿನ ಮೈಸೂರು ರಸ್ತೆಯೇ ಜನಪದದ ರಸ್ತೆ. ಬಸ್ಸು ಹತ್ತಿ, ಬಿಡದಿ ಬರುತ್ತೆ, ಅದರ ಹತ್ತಿರವೇ ಕೆಂಪಯ್ಯನವರ ಬಾನಂದೂರು. ರಾಮನಗರ ದಾಟಿದರೆ ಜಾನಪದ ಲೋಕ. ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, 1994ರಲ್ಲಿ ಈ ಲೋಕ ತೆರೆದರು. ಹಳ್ಳಿ ಹಳ್ಳಿ ತಿರುಗಿ ಹಾಡು, ಕುಣಿತ ತುಂಬಿಸಿಟ್ಟರು. ಇನ್ನೊಂದಿಷ್ಟು ಮುಂದೆ ಹೋದರೆ ಚನ್ನಪಟ್ಟಣ, ಅಲ್ಲೇ ತಿಮ್ಮರಾಜು ಅವರ ಅಪ್ಪಗೆರೆ. ಒಂದು ಭಾನುವಾರ ಮಾಲಿನಲ್ಲಿ ಸುತ್ತೋದು ಬಿಟ್ಟು ಇಲ್ಲಿಗೆ ಹೋಗಿ ಬನ್ನಿ.

ಇನ್ನೊಂದು ಕೆಲಸ. ನಿಮ್ಮ ಅಜ್ಜಿ, ದೊಡ್ಡಮ್ಮ, ಊರಿನ ಮಾವ ಯಾರಾದರೂ ಹಾಡಿದರೆ ಫೋನು ಹಿಡೀತೀರಲ್ಲ, ಹಾಡಿಗೆ ಮೊದಲು ಅವರ ಬಾಯಲ್ಲೇ ಹೇಳಿಸಿ: ಹೆಸರು, ಊರು, ಈ ಹಾಡು ಯಾರಿಂದ ಕಲಿತದ್ದು. ಅರ್ಧ ನಿಮಿಷ ಸಾಕು. ಆಮೇಲೆ ನನ್ನಂಥ ಯಾವ ಬುದ್ಧಿವಂತ ಫೈಲಿನ ಹೆಸರು ಬದಲಾಯಿಸಿದರೂ ಹಾಡಿನ ಒಳಗೇ ಹೆಸರು ಕೂತಿರುತ್ತೆ, ಶರೀಫರ ಅಂಕಿತದ ಹಾಗೆ.

ಕೊನೆಗೊಂದು ಬೇಡಿಕೆ. ಮಳವಳ್ಳಿ, ಹಲಗೂರು, ಕನಕಪುರ ಕಡೆಯ ಓದುಗರೇ, ಹಲಗೂರು ಸುತ್ತಿನಲ್ಲಿ ತಂಬೂರಿ ಹಿಡಿದು ಸಿದ್ದಪ್ಪಾಜಿ ಕಥೆ ಹಾಡ್ತಿದ್ದ, 2012ರ ಆಸುಪಾಸಿನಲ್ಲಿ ತೀರಿಕೊಂಡ ಗಾಯಕ ನಿಮಗೆ ಗೊತ್ತೇ? ಅವರ ಅಣ್ಣ ಬೆಂಗಳೂರಿನಲ್ಲಿ ವಾಚ್‌ಮನ್ ಕೆಲಸದಲ್ಲಿದ್ದರು. ದನಿ ತಾರಕದಲ್ಲಿ ಸ್ವಲ್ಪ ಒಡೆಯುತ್ತೆ. ಗೊತ್ತಿದ್ದರೆ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಹೆಸರು ಇದೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಬರುತ್ತೆ, ಇದು ನನ್ನ ಮಾತು.

ಮಸಾಲೆ ದೋಸೆ ನನ್ನ ಲೆಕ್ಕ. ಮುಂದಿನ ವಾರ ಸಿಗೋಣ.